ಕುದುರೆ ಅಲ್ಲಿಗೇಕೆ ಬಂತು: ಮಗಳಿಗೊಂದು ಪತ್ರ

ಪ್ರೀತಿಯ ಮಗಳಿಗೆ,

ನಿನ್ನೆ ರಾತ್ರಿ ನೀನು ಚದುರಂಗದ ಮಣೆಯನ್ನು ಮಡಿಚಿಟ್ಟು, "ಅಪ್ಪ, ಈ ಆಟಕ್ಕೆ ಬೇಕಾದ ತಲೆಯೇ ನನಗಿಲ್ಲ" ಎಂದು ಹೇಳಿ ಒಳಗೆ ಹೋದಾಗ ನಾನು ಏನೂ ಮಾತಾಡಲಿಲ್ಲ. ಆ ಹೊತ್ತಿನಲ್ಲಿ ನಾನು ಏನು ಹೇಳಿದ್ದರೂ ಅದು ಸಮಾಧಾನಕ್ಕೆ ಹೇಳಿದ ಮಾತಾಗಿಯೇ ನಿನ್ನ ಕಿವಿಗೆ ಬೀಳುತ್ತಿತ್ತು. ನೀನು ಮಲಗಿದ ಮೇಲೆ, ನೀನು ನಡೆಗಳನ್ನು ಬರೆದಿಡುವ ನೋಟ್‌ಬುಕ್ಕನ್ನು ತೆರೆದು, ಈ ತಿಂಗಳು ಸೋತ 11 ಆಟಗಳನ್ನೂ ಒಂದೊಂದಾಗಿ ಮಣೆಯ ಮೇಲೆ ಆಡಿ ನೋಡಿದೆ. ನಿನ್ನನ್ನು ಕೇಳದೆ ತೆರೆದದ್ದು ತಪ್ಪು, ಅದಕ್ಕೆ ಕ್ಷಮಿಸು. ಆದರೆ ಅಲ್ಲಿ ನನಗೆ ಕಂಡದ್ದನ್ನು ನಿನಗೆ ತಿಳಿಸದೆ ಇರಲಾರೆ.

ಆ 11 ಸೋಲುಗಳಲ್ಲಿ ಎದುರಾಳಿ ನಿನಗಿಂತ ನಿಜವಾಗಿಯೂ ಆಳವಾಗಿ ಯೋಚಿಸಿ ಗೆದ್ದದ್ದು ಒಂದೇ ಒಂದು. ಎರಡರಲ್ಲಿ ನಿನ್ನ ರಾಜ ತನ್ನದೇ ಪ್ಯಾದೆಗಳ ಹಿಂದೆ ಸಿಕ್ಕಿಕೊಂಡು, ಕೊನೆಯ ಸಾಲಿಗೆ ಇಳಿದ ಆನೆಯಿಂದ ಮೇಟ್ ಆಗಿದೆ. ಉಳಿದ ಎಂಟರಲ್ಲಿ ನಡೆದದ್ದು ಒಂದೇ: ಎದುರಾಳಿ ಆಗಷ್ಟೇ ನಡೆಸಿದ ಕಾಯಿ ಏನನ್ನು ಹೊಡೆಯಲು ಬಂದಿದೆ ಎಂಬುದನ್ನು ನೀನು ನೋಡಲಿಲ್ಲ. ಇದನ್ನು ನೀನು ಬುದ್ಧಿಯ ಕೊರತೆ ಎನ್ನುತ್ತೀಯೆ, ನನಗೆ ಅದು ನೋಟದ ಅಭ್ಯಾಸ ಇನ್ನೂ ಆಗದಿರುವುದು ಎಂದು ಕಾಣುತ್ತದೆ. ಇವೆರಡರ ನಡುವೆ ಇರುವ ಅಂತರ ಸಣ್ಣದಲ್ಲವಾದ್ದರಿಂದ ಒಂದು ಆಟವನ್ನು ಹಿಡಿದು ಬಿಡಿಸಿ ಹೇಳುತ್ತೇನೆ.

ನಿನ್ನೆಯ ಕೊನೆಯ ಆಟವನ್ನೇ ತೆಗೆದುಕೋ. ನೀನು ಬಿಳಿ ಕಾಯಿಗಳಲ್ಲಿ ಆಡುತ್ತಿದ್ದೆ. (ನೋಟ್‌ಬುಕ್ಕಿನಲ್ಲಿ ನೀನು ಬರೆಯುವಂತೆಯೇ ಮನೆಗಳನ್ನು ಹೆಸರಿಸುತ್ತೇನೆ: ಅಕ್ಷರ ಉದ್ದಸಾಲಿಗೆ, ಅಂಕಿ ಅಡ್ಡಸಾಲಿಗೆ.) ಒಂಟೆಯನ್ನು ಸಿ4ಕ್ಕೂ ರಾಣಿಯನ್ನು ಎಫ್3ಕ್ಕೂ ತಂದು, ಕಪ್ಪು ರಾಜನ ಹೊರತು ಬೇರೆ ಯಾರ ಕಾವಲೂ ಇಲ್ಲದ ಎಫ್7ರ ಮೇಲೆ ಗುರಿಯಿಟ್ಟಿದ್ದೆ. ಎದುರಾಳಿ ಒಂದು ಕುದುರೆಯನ್ನು ಎಫ್6ಕ್ಕೆ ತಂದು ರಾಣಿಯ ದಾರಿಯನ್ನು ಮುಚ್ಚಿದ ಮೇಲೂ ನಿನ್ನ ಕಣ್ಣು ಎಫ್7ರಲ್ಲೇ ಇತ್ತು. ಆಗ ಇನ್ನೊಂದು ಕುದುರೆ ಸಿ6ರಿಂದ ಡಿ4ಕ್ಕೆ ಹಾರಿತು. ಅದು ರಾಣಿಯನ್ನು ಹೊಡೆಯಲು ಬಂದಿದೆ ಎಂಬುದು ನಿನಗೆ ಕಂಡಿತು, ರಾಣಿಯನ್ನು ಜಿ3ಕ್ಕೆ ಸರಿಸಿದೆ. ಇಲ್ಲಿಯೇ ನಿನ್ನನ್ನು ಒಂದು ಕ್ಷಣ ನಿಲ್ಲಿಸಬೇಕೆನಿಸುತ್ತದೆ, ಏಕೆಂದರೆ ನೀನು ನೋಡದೆ ಇರಲಿಲ್ಲ, ನೋಡಿದ್ದೆ. ಆದರೆ ಆ ಕುದುರೆ ಎರಡು ಕೆಲಸಗಳನ್ನು ಹೊತ್ತು ಬಂದಿತ್ತು, ನಿನಗೆ ಮೊದಲನೆಯದು ಕಂಡ ಕೂಡಲೇ ನೋಡುವುದನ್ನು ನಿಲ್ಲಿಸಿಬಿಟ್ಟೆ. ಮುಂದಿನ ನಡೆಯಲ್ಲಿ ಅದು ಸಿ2ರ ಪ್ಯಾದೆಯನ್ನು ಹೊಡೆದು ರಾಜನಿಗೆ ಚೆಕ್ ಕೊಟ್ಟು, ರಾಜ ಡಿ1ಕ್ಕೆ ಸರಿದಾಗ ಎ1ರ ಆನೆಯನ್ನು ತಿಂದಿತು. ರಾಣಿಯನ್ನು ಜಿ3ರ ಬದಲು ಡಿ1ಕ್ಕೆ ಹಿಂದೆ ತಂದಿದ್ದರೆ ರಾಣಿಯೂ ಉಳಿಯುತ್ತಿತ್ತು, ಸಿ2 ಕೂಡ ಕಾವಲಿನಲ್ಲಿರುತ್ತಿತ್ತು. ಹಿಂದಕ್ಕೆ ಹೋಗುವ ನಡೆ ಹೊಸಬರ ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ, ಕಾಯಿಯನ್ನು ಮುಂದೆ ತಂದಾದ ಮೇಲೆ ಹಿಂದೆ ತರುವುದು ಸೋಲೊಪ್ಪಿದಂತೆ ಅನಿಸುತ್ತದೆ.

ನೋಟ್‌ಬುಕ್ಕಿನಲ್ಲಿ ಇನ್ನೊಂದನ್ನು ಗಮನಿಸಿದೆ. ಐದನೆಯ ನಡೆಯವರೆಗೆ ನಿನ್ನ ಅಕ್ಷರಗಳು ದುಂಡಗಿವೆ. ಆನೆ ಹೋದ ಮೇಲೆ ಗೀಚಿದಂತಿವೆ. ಆಟ ಮುಗಿದದ್ದು 19ನೆಯ ನಡೆಯಲ್ಲಿ, ಆದರೆ ನೀನು ಆರನೆಯದರಲ್ಲಿಯೇ ಎದ್ದುಹೋಗಿದ್ದೆ, ಕೈ ಮಾತ್ರ ಮಣೆಯ ಮೇಲೆ ಉಳಿದಿತ್ತು. ಅದನ್ನು ಓದಿದಾಗ ನನಗೆ ಸಂಕಟವಾಯಿತು. ಸೋಲಿಗಿಂತ ಹೆಚ್ಚಾಗಿ, ಅಷ್ಟು ಬೇಗ ನಿನ್ನ ಮೇಲೆ ನೀನೇ ತೀರ್ಪು ಬರೆದುಕೊಂಡದ್ದು ನನ್ನನ್ನು ಕಾಡಿತು.

ಈ ಆಟದ ಇತಿಹಾಸದಲ್ಲಿ ನಿನ್ನ ಡಿ4ರ ಕುದುರೆಗೆ ಒಬ್ಬ ದೊಡ್ಡ ಅಣ್ಣನಿದ್ದಾನೆ. 1956ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ನಡೆದ, ವಿಶ್ವ ಚಾಂಪಿಯನ್‌ಗೆ ಸವಾಲು ಹಾಕುವವರನ್ನು ಆರಿಸುವ ಕ್ಯಾಂಡಿಡೇಟ್ಸ್ ಪಂದ್ಯಾವಳಿಯಲ್ಲಿ ಟಿಗ್ರಾನ್ ಪೆಟ್ರೋಸಿಯನ್ ಅವರು ಡೇವಿಡ್ ಬ್ರಾನ್‌ಸ್ಟೀನ್ ಅವರ ವಿರುದ್ಧ ಬಹಳ ಒಳ್ಳೆಯ ಸ್ಥಿತಿಯಲ್ಲಿದ್ದರು. ಬ್ರಾನ್‌ಸ್ಟೀನ್ ಒಂದು ಕುದುರೆಯನ್ನು ನಡೆಸಿದರು. ಅದು ತಮ್ಮ ರಾಣಿಯನ್ನು ಹೊಡೆಯಲು ಬಂದಿದೆ ಎಂಬುದನ್ನು ಗಮನಿಸದೆ ಪೆಟ್ರೋಸಿಯನ್ ಬೇರೆ ಕಾಯಿಯನ್ನು ನಡೆಸಿದರು, ರಾಣಿ ಹೋಯಿತು, ಆಟವೂ ಹೋಯಿತು. ರಕ್ಷಣೆಯ ಆಟಕ್ಕೇ ಹೆಸರಾಗಿದ್ದ ಅವರು ಏಳು ವರ್ಷಗಳ ನಂತರ, 1963ರಲ್ಲಿ, ವಿಶ್ವ ಚಾಂಪಿಯನ್ ಆದರು. ಡಿ. ಗುಕೇಶ್ ಕೂಡ 2024ರ ವಿಶ್ವ ಚಾಂಪಿಯನ್‌ಷಿಪ್‌ನ ಮೊದಲ ಆಟವನ್ನೇ ಡಿಂಗ್ ಲಿರೆನ್ ಅವರಿಗೆ ಸೋತರು, ಅದೂ ಬಿಳಿ ಕಾಯಿಗಳಲ್ಲಿ. ಎರಡನೆಯ ಆಟವನ್ನು ಡ್ರಾ ಮಾಡಿಕೊಂಡು ಮೂರನೆಯದನ್ನು ಗೆದ್ದರು, 14 ಆಟಗಳು ಮುಗಿದಾಗ 18 ವರ್ಷದ ಅವರೇ ಚಾಂಪಿಯನ್. ದೊಡ್ಡವರೂ ತಪ್ಪುತ್ತಾರೆ ಎಂಬ ಮಾತು ನಿನ್ನ ದುಃಖವನ್ನು ಕಡಿಮೆ ಮಾಡುವುದಿಲ್ಲವೆಂದು ನನಗೆ ಗೊತ್ತು. ನಾನು ಇವರನ್ನು ನೆನೆದದ್ದು ಬೇರೆ ಕಾರಣಕ್ಕೆ: ಕುದುರೆಯನ್ನು ಕಾಣದೆ ಹೋಗುವುದು ದಡ್ಡತನದ ಗುರುತಾಗಿದ್ದರೆ, ಪೆಟ್ರೋಸಿಯನ್ ಅವರನ್ನೂ ದಡ್ಡರೆನ್ನಬೇಕಾಗುತ್ತಿತ್ತು.

ಹಾಗಾದರೆ ಬಲ್ಲವರಿಗೆ ಏನು ಕಾಣುತ್ತದೆ? 1973ರಲ್ಲಿ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ ಎಂಬ ಇಬ್ಬರು ವಿದ್ವಾಂಸರು ಒಂದು ಪ್ರಯೋಗದ ಫಲಿತಾಂಶವನ್ನು ಪ್ರಕಟಿಸಿದರು. ನಿಜವಾದ ಆಟವೊಂದರ ನಡುವಿನ ಸ್ಥಿತಿಯನ್ನು ಐದು ಸೆಕೆಂಡು ತೋರಿಸಿ, ಅದನ್ನು ನೆನಪಿನಿಂದ ಮತ್ತೆ ಜೋಡಿಸುವಂತೆ ಹೇಳಿದಾಗ, ಪಳಗಿದ ಆಟಗಾರ ಹೊಸಬನಿಗಿಂತ ಎಷ್ಟೋ ಹೆಚ್ಚು ಕಾಯಿಗಳನ್ನು ಸರಿಯಾದ ಮನೆಗಳಲ್ಲಿ ಇಟ್ಟ. ಅದೇ ಕಾಯಿಗಳನ್ನು ಅರ್ಥವಿಲ್ಲದಂತೆ ಮಣೆಯ ಮೇಲೆ ಚೆಲ್ಲಾಪಿಲ್ಲಿಯಾಗಿ ಇಟ್ಟು ತೋರಿಸಿದಾಗ ಇಬ್ಬರ ನಡುವಿನ ವ್ಯತ್ಯಾಸ ಹೆಚ್ಚುಕಡಿಮೆ ಅಳಿಸಿಹೋಯಿತು. ಪಳಗಿದವನ ಜ್ಞಾಪಕಶಕ್ತಿಯೇ ದೊಡ್ಡದಾಗಿದ್ದರೆ ಹೀಗಾಗುತ್ತಿರಲಿಲ್ಲ. ಅವನು ಕಾಯಿಗಳನ್ನು ಬಿಡಿಬಿಡಿಯಾಗಿ ನೋಡುವುದಿಲ್ಲ. ಕ್ಯಾಸ್ಲಿಂಗ್ ಆದ, ಎಂದರೆ ಆನೆಯೊಡನೆ ಒಂದೇ ನಡೆಯಲ್ಲಿ ಮೂಲೆಯ ಕಡೆಗೆ ಸರಿದ ರಾಜ, ಅವನ ಮುಂದಿನ ಮೂರು ಪ್ಯಾದೆಗಳು, ಪಕ್ಕದ ಆನೆ, ಇಷ್ಟೂ ಸೇರಿ ಅವನಿಗೆ ಒಂದೇ ಪದ. ನೀನು ಓದಲು ಕಲಿಯುತ್ತಿದ್ದ ದಿನಗಳನ್ನು ನೆನಪಿಸಿಕೋ. ಒತ್ತಕ್ಷರ ಬಂದಲ್ಲೆಲ್ಲ ಬೆರಳಿಟ್ಟು ತಡವರಿಸಿ ಓದುತ್ತಿದ್ದವಳು, ಈಗ ಪುಟದ ಮೇಲೆ ಕಣ್ಣು ಹಾಯಿಸಿದರೆ ಸಾಲು ತಾನಾಗಿ ಅರ್ಥವಾಗುತ್ತದೆ. ಆ ನಡುವೆ ನಿನಗೆ ಹೊಸ ಬುದ್ಧಿಯೇನೂ ಬರಲಿಲ್ಲ, ಸಾವಿರಾರು ಪದಗಳು ಕಣ್ಣಿಗೆ ಪರಿಚಯವಾದವು. ಚದುರಂಗದಲ್ಲಿ ನೀನೀಗ ಒತ್ತಕ್ಷರಗಳ ಮುಂದೆ ನಿಂತಿದ್ದೀಯೆ.

ಈ ಕಾರಣಕ್ಕೇ ಆರಂಭದ ನಡೆಗಳನ್ನು ಉದ್ದುದ್ದ ಬಾಯಿಪಾಠ ಮಾಡುವುದರಲ್ಲಿ ಈಗ ಸಮಯ ಕಳೆಯಬೇಡ ಎನ್ನುತ್ತೇನೆ. ಎದುರಾಳಿ ನಾಲ್ಕನೆಯ ನಡೆಯಲ್ಲಿಯೇ ಪಾಠ ಬಿಟ್ಟು ಬೇರೆ ನಡೆದರೆ ನೀನು ಬರಿಗೈಯಲ್ಲಿ ನಿಲ್ಲುತ್ತೀಯೆ. ಅದರ ಬದಲು ದಿನಕ್ಕೆ ಹದಿನೈದು ನಿಮಿಷ ಸಣ್ಣ ಸಮಸ್ಯೆಗಳನ್ನು ಬಿಡಿಸು: ಒಂದೇ ಕಾಯಿ ಎರಡರ ಮೇಲೆ ಏರಿಹೋಗುವ ಫೋರ್ಕ್, ಹಿಂದಿರುವ ದೊಡ್ಡ ಕಾಯಿಗಾಗಿ ಮುಂದಿನದು ಅಲುಗಾಡದಂತಾಗುವ ಪಿನ್, ಕೊನೆಯ ಸಾಲಿನ ಮೇಟ್. ಸುಲಭವಾದವುಗಳನ್ನೇ ಆರಿಸು, ಬಿಡಿಸಿದವುಗಳನ್ನೇ ವಾರದ ನಂತರ ಮತ್ತೆ ಬಿಡಿಸು, ನೋಡಿದೊಡನೆ ಉತ್ತರ ಹೊಳೆಯುವವರೆಗೆ. ಮೂರು ನಿಮಿಷದ ಆಟಗಳನ್ನು ಸದ್ಯಕ್ಕೆ ಬಿಡು, ನೋಡುವುದನ್ನು ಕಲಿಯುತ್ತಿರುವವಳಿಗೆ ಗಡಿಯಾರದ ಅವಸರ ಸಲ್ಲದು. ಮತ್ತು ರಾಜ-ರಾಣಿ, ರಾಜ-ಆನೆ ಇಟ್ಟುಕೊಂಡು ಒಂಟಿ ರಾಜನನ್ನು ಮೇಟ್ ಮಾಡುವುದನ್ನು ನನ್ನೊಡನೆ ಕೂತು ಕಲಿ. ಹೋದ ವಾರ ರಾಣಿಯೊಂದು ಹೆಚ್ಚಿಗೆ ಇದ್ದೂ ಎದುರಾಳಿಯ ರಾಜನಿಗೆ ನಡೆಯೇ ಇಲ್ಲದಂತೆ ಮಾಡಿ, ಸ್ಟೇಲ್‌ಮೇಟಿನಲ್ಲಿ ಅರ್ಧ ಅಂಕ ಬಿಟ್ಟುಕೊಟ್ಟದ್ದು ನಿನಗೆ ಸೋಲಿಗಿಂತ ಹೆಚ್ಚು ನೋವು ಕೊಟ್ಟಿತ್ತು.

ಆಡುವಾಗ ಮಾಡಬೇಕಾದದ್ದು ಒಂದೇ ಒಂದು. ಎದುರಾಳಿ ಕಾಯಿ ನಡೆಸಿದ ಕೂಡಲೇ ನಿನ್ನ ಯೋಜನೆಗೆ ಹಿಂತಿರುಗಬೇಡ. ಇದು ಇಲ್ಲಿಗೇಕೆ ಬಂತು ಎಂದು ಕೇಳು. ಒಂದು ಉತ್ತರ ಸಿಕ್ಕ ಮೇಲೆ, ಇನ್ನೇನಾದರೂ ಇದೆಯೇ ಎಂದು ಎರಡನೆಯ ಬಾರಿ ಕೇಳು. ನಿನ್ನೆ ಹೋದದ್ದು ಆ ಎರಡನೆಯ ಪ್ರಶ್ನೆಯಲ್ಲಿ. ಬಳಿಕ ನಿನ್ನ ನಡೆಯನ್ನು ಆರಿಸಿ, ಕಾಯಿಯನ್ನು ಮುಟ್ಟುವ ಮೊದಲು, ಇದನ್ನು ಆಡಿದರೆ ಅವರು ಕೊಡಬಹುದಾದ ಚೆಕ್ ಯಾವುದು, ಹೊಡೆಯಬಹುದಾದ ಕಾಯಿ ಯಾವುದು ಎಂದು ಒಮ್ಮೆ ಕಣ್ಣಾಡಿಸು. ಮೊದಮೊದಲು ಇದು ಬಹಳ ದಣಿಸುತ್ತದೆ. ಒಂದು ಆಟದಲ್ಲಿ ಹತ್ತು ಸಲ ಮರೆಯುತ್ತೀಯೆ, ಮುಂದಿನದರಲ್ಲಿ ಒಂಬತ್ತು ಸಲ.

ರೇಟಿಂಗ್, ಎಂದರೆ ಆಟಗಾರರ ಬಲವನ್ನು ಅಳೆಯುವ ಸಂಖ್ಯೆಯ ವಿಷಯವನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಆ ಸಂಖ್ಯೆಯನ್ನು ನೀನು ನಿನ್ನ ಹೆಸರಿನಂತೆ ಹೊತ್ತು ತಿರುಗುತ್ತಿದ್ದೀಯೆ. ಅದರ ಲೆಕ್ಕವನ್ನು ರೂಪಿಸಿದವರು ಅರ್ಪಾದ್ ಎಲೋ ಎಂಬ ಭೌತಶಾಸ್ತ್ರದ ಪ್ರಾಧ್ಯಾಪಕರು, ವಿಶ್ವ ಚದುರಂಗ ಸಂಸ್ಥೆ ಫಿಡೆ ಅದನ್ನು 1970ರಲ್ಲಿ ಒಪ್ಪಿಕೊಂಡಿತು. ಇಬ್ಬರ ನಡುವೆ 400 ಅಂಕಗಳ ಅಂತರವಿದ್ದರೆ, ಮೇಲಿರುವವರು 11 ಆಟಗಳಲ್ಲಿ ಸುಮಾರು 10 ಅಂಕ ಗಳಿಸುವರೆಂದು ಆ ಲೆಕ್ಕ ನಿರೀಕ್ಷಿಸುತ್ತದೆ. ಅಂತರವೇ ಇಲ್ಲದಿದ್ದರೆ ಸರಿಪಾಲು. ಎಂದರೆ, ನಿನ್ನ ಸಮಬಲದವರೊಡನೆ ಆಡುತ್ತಿರುವವರೆಗೂ ಅರ್ಧದಷ್ಟು ಅಂಕಗಳು ಕೈತಪ್ಪುವುದು ಸಹಜ. ನೀನು ಬೆಳೆದಂತೆ ನಿನ್ನ ಎದುರಿಗೆ ಕೂರುವವರೂ ಬಲವಾಗುತ್ತಾ ಹೋಗುತ್ತಾರೆ, ಆದ್ದರಿಂದ ಸೋಲುಗಳ ಎಣಿಕೆಯಲ್ಲಿ ನಿನ್ನ ಬೆಳವಣಿಗೆ ಕಾಣಸಿಗುವುದಿಲ್ಲ. ಮೂರು ತಿಂಗಳ ಹಿಂದೆ ನಾಲ್ಕು ನಡೆಗಳಲ್ಲಿ ಮೇಟ್ ಆಗುತ್ತಿದ್ದ ನಿನ್ನ ಹಳೆಯ ಪುಟಗಳನ್ನು ತಿರುವಿ ನೋಡಿದರೆ ಕಾಣುತ್ತದೆ. ಈಗ ಯಾರೂ ನಿನ್ನನ್ನು ಹಾಗೆ ಸೋಲಿಸಲಾರರು.

ಇನ್ನು ನನ್ನ ತಪ್ಪು. ನೀನು ಆಡಿ ಬಂದಾಗಲೆಲ್ಲ ನಾನು ಬಾಗಿಲಲ್ಲಿಯೇ ಕೇಳುತ್ತಿದ್ದದ್ದು "ಗೆದ್ದೆಯಾ?" ಎಂಬ ಒಂದೇ ಮಾತನ್ನು. ಪ್ರೀತಿಯಿಂದಲೇ ಕೇಳುತ್ತಿದ್ದೆ, ಆದರೆ ಇಲ್ಲ ಎಂದು ಉತ್ತರಿಸಬೇಕಾದ ಆ ಸಂಜೆಗಳು ನಿನಗೆ ಹೇಗಿದ್ದವೆಂದು ನಿನ್ನೆ ನೋಟ್‌ಬುಕ್ ಮುಚ್ಚಿಟ್ಟ ಮೇಲೆ ನನಗೆ ಹೊಳೆಯಿತು. ಇನ್ನು ಮುಂದೆ ಆಟವನ್ನು ತೋರಿಸು ಎಂದು ಕೇಳುತ್ತೇನೆ, ಫಲಿತಾಂಶವನ್ನು ನೀನಾಗಿ ಹೇಳಿದರೆ ಸಾಕು. ಸೋತು ಅಳು ಬಂದರೆ ಅತ್ತುಬಿಡು. ಎರಡು ಆಟ ಸತತವಾಗಿ ಸೋತ ದಿನ ಮೂರನೆಯದಕ್ಕೆ ಕೂರಬೇಡ, ಆ ಸಿಟ್ಟಿನಲ್ಲಿ ಆಡಿದ ಮೂರನೆಯ ಆಟಗಳೇ ನಿನ್ನ ಪಟ್ಟಿಯಲ್ಲಿ ಅತ್ಯಂತ ಕೆಟ್ಟವು. ಈ ಆಟವೇ ಬೇಡವೆನಿಸಿ ಒಂದು ದಿನ ನೀನು ಬಿಟ್ಟರೂ ನನಗೆ ಬೇಸರವಿಲ್ಲ. ನಿನಗೆ ತಲೆಯಿಲ್ಲ ಎಂದುಕೊಂಡು ಬಿಡುವುದನ್ನು ಮಾತ್ರ ನಾನು ಒಪ್ಪಲಾರೆ, ಏಕೆಂದರೆ ಅದು ನಿಜವಲ್ಲ.

ಮತ್ತೆ ನಿನ್ನೆಯ ಆಟಕ್ಕೇ ಬರುತ್ತೇನೆ. ಆನೆಯನ್ನು ತಿಂದ ಆ ಕುದುರೆ ಎ1ರ ಮೂಲೆಯಲ್ಲಿ ಕೂತಿದೆ. ಅಲ್ಲಿಂದ ಹೊರಬರಲು ಅದಕ್ಕೆ ಇರುವುದು ಎರಡೇ ಮನೆಗಳು, ಬಿ3 ಮತ್ತು ಸಿ2. ಬಿ3ಕ್ಕೆ ನಿನ್ನ ಎ2ರ ಪ್ಯಾದೆ ಕಾವಲಿದೆ, ಸಿ2ಕ್ಕೆ ಡಿ1ರಲ್ಲಿರುವ ನಿನ್ನ ರಾಜನೇ ಕಾವಲಿದ್ದಾನೆ. ಬಿ2ರ ಪ್ಯಾದೆಯನ್ನು ಒಂದು ಮನೆ ಮುಂದಿಟ್ಟು, ಸಿ1ರ ಒಂಟೆಯನ್ನು ಬಿ2ಕ್ಕೆ ತಂದರೆ ಆ ಕುದುರೆಯನ್ನು ಹೊಡೆಯುವ ದಾರಿ ತೆರೆಯುತ್ತದೆ. ಐದು ಅಂಕದ ಆನೆಗೆ ಮೂರು ಅಂಕದ ಕುದುರೆ ಮರಳಿ ಬಂದರೆ ಆಟ ಇನ್ನೂ ಜೀವಂತ. ಮಣೆಯನ್ನು ಆ ಸ್ಥಿತಿಯಲ್ಲಿಯೇ ಜೋಡಿಸಿ ನನ್ನ ಮೇಜಿನ ಮೇಲೆ ಇಟ್ಟಿದ್ದೇನೆ. ನಿನಗೆ ಮನಸ್ಸಾದಾಗ ಬಾ, ನಾನು ಕಪ್ಪು ಕಾಯಿಗಳನ್ನು ಹಿಡಿಯುತ್ತೇನೆ. ನಡೆ ನಿನ್ನದು.

ಇಂತಿ ನಿನ್ನ ಪ್ರೀತಿಯ,
ಅಪ್ಪ