ಸಂತ ಲಾರೆನ್ಸರ ಹಬ್ಬ: ಬಡವರ ನಿಧಿಗೆ ನಿಮ್ಮದೊಂದು ಪಾಲು ಬೇಕು

ಆತ್ಮೀಯರೇ,

ಆಗಸ್ಟ್ 10 ನಮ್ಮ ಇಗರ್ಜಿಯ ಪಾಲಕ ಸಂತ ಲಾರೆನ್ಸರ ಹಬ್ಬ. ಈ ಸಲ ದೀಪಾಲಂಕಾರದ ಖರ್ಚು ತಗ್ಗಿಸಿದ್ದೇವೆ. ನಿಮ್ಮಲ್ಲಿ ಕೇಳುತ್ತಿರುವುದೆಲ್ಲ ಬಡವರ ನಿಧಿಗೆ.

ಲಾರೆನ್ಸರು ರೋಮ್‌ನಲ್ಲಿ ಡೀಕನ್, ಅಂದರೆ ಗುರುಗಳಿಗಿಂತ ಒಂದು ಮೆಟ್ಟಿಲು ಕೆಳಗಿನ ಧರ್ಮಸೇವಕ, ಆಗಿದ್ದವರು. ಧರ್ಮಸಭೆಯ ಹಣ ಅವರ ಕೈಯಲ್ಲಿತ್ತು. ಅದನ್ನು ಬಡವರಿಗೆ ಹಂಚುವುದು ಅವರ ಕೆಲಸ. 258ರಲ್ಲಿ ಚಕ್ರವರ್ತಿ ವಲೇರಿಯನ್, ಬಿಷಪರನ್ನೂ ಗುರುಗಳನ್ನೂ ಡೀಕನರನ್ನೂ ಕೊಲ್ಲಬೇಕೆಂದು ಆಜ್ಞೆ ಹೊರಡಿಸಿದ. ಆಗಸ್ಟ್ 6ರಂದು ಪೋಪ್ ಎರಡನೇ ಸಿಕ್ಸ್ಟಸ್ ಅವರನ್ನು ಕೊಂದರು. ನಾಲ್ಕು ದಿನ ಕಳೆದು ಲಾರೆನ್ಸರನ್ನು.

ನಡುವೆ ನಡೆದದ್ದನ್ನು ಮಿಲಾನಿನ ಬಿಷಪ್ ಸಂತ ಅಂಬ್ರೋಸರು ಬರೆದಿಟ್ಟಿದ್ದಾರೆ. ಧರ್ಮಸಭೆಯ ಸಂಪತ್ತೆಲ್ಲ ತಂದೊಪ್ಪಿಸು ಎಂದು ಅಧಿಕಾರಿಗಳು ಲಾರೆನ್ಸರಿಗೆ ಹೇಳಿದರಂತೆ. ಅವರು ಆಗಲಿ ಎಂದರು. ಆಮೇಲೆ ಊರಿನ ಬಡವರನ್ನೆಲ್ಲ ಕರೆದುಕೊಂಡು ಬಂದು, ಇವರೇ ನಮ್ಮ ಸಂಪತ್ತು ಎಂದರು. ಸಾವು ಎದುರಿಗಿದೆ, ಆದರೂ ಆ ಮಾತಿನಲ್ಲಿ ಅಳುಕಿಲ್ಲ! ಕಾದ ಕಬ್ಬಿಣದ ಜಾಲರಿಯ ಮೇಲೆ ಅವರನ್ನು ಸುಟ್ಟರು ಎನ್ನುತ್ತದೆ ಪರಂಪರೆ. ಅವರ ಪ್ರತಿಮೆಯ ಜೊತೆ ಜಾಲರಿ ಇರುವುದು ಅದಕ್ಕೇ. ರೋಮ್‌ನ ತಿಬುರ್ತಿನಾ ರಸ್ತೆಯ ಬದಿಯಲ್ಲಿ, ಅವರ ಸಮಾಧಿಯ ಮೇಲೆ ಇವತ್ತಿಗೂ ದೊಡ್ಡ ಬಸಿಲಿಕ, ಅಂದರೆ ವಿಶೇಷ ಗೌರವ ಪಡೆದ ಇಗರ್ಜಿ, ಇದೆ.

ನಮ್ಮ ಕರಾವಳಿಗೂ ಅವರು ಹತ್ತಿರದವರೇ, ಅಲ್ವಾ? ಕಾರ್ಕಳದ ಅತ್ತೂರಿನಲ್ಲಿರುವ ಸಂತ ಲಾರೆನ್ಸರ ಇಗರ್ಜಿಯ ವಾರ್ಷಿಕ ಹಬ್ಬ ಸಾಂತ್‌ಮಾರಿಗೆ ಎಲ್ಲ ಧರ್ಮದವರೂ ಹೋಗಿ ಮೇಣದಬತ್ತಿ ಹಚ್ಚುತ್ತಾರೆ. ಆ ಇಗರ್ಜಿಗೂ 2016ರಲ್ಲಿ ಬಸಿಲಿಕದ ಗೌರವ ಸಿಕ್ಕಿತು.

ನಮ್ಮ ಹಬ್ಬ ಬರುವುದು ಮಳೆಗಾಲದ ಆಟಿ ತಿಂಗಳಲ್ಲಿ. ಜಡಿಮಳೆಗೆ ಕೂಲಿ ಕೆಲಸ ಸಿಗುವುದೇ ಕಷ್ಟ. ಜೂನ್, ಜುಲೈ ಎರಡೂ ತಿಂಗಳು ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವುದಿಲ್ಲ. ಆಗಸ್ಟ್ ಬರುವಷ್ಟರಲ್ಲಿ ಎಷ್ಟೋ ಮನೆಗಳಲ್ಲಿ ಅಂಗಡಿಯ ಸಾಲ ಜಾಸ್ತಿಯಾಗಿರುತ್ತದೆ. ಒಂಟಿಯಾಗಿರುವ ಅಜ್ಜಿಯಂದಿರು ಬಿಪಿ ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗುತ್ತಾರೆ. ಕೇಳಿದರೆ "ಸಾಕು ಮಗಾ" ಎನ್ನುತ್ತಾರೆ. ನಮಗೆ ನಿಜಕ್ಕೂ ಸಂಕಟವಾಗುವುದು ಇಲ್ಲೇ.

ಹಣ ಕೊಡಬಹುದು. ಕುಚ್ಚಲಕ್ಕಿ, ಬೇಳೆ, ಎಣ್ಣೆ, ಕಂಬಳಿ ಕೊಟ್ಟರೂ ಸಂತೋಷ. ಒಬ್ಬರ ಒಂದು ವರ್ಷದ ಮಾತ್ರೆಯ ಖರ್ಚು ವಹಿಸಿಕೊಂಡರೆ ತುಂಬಾ ಉಪಕಾರ. ಎಷ್ಟೇ ಚಿಕ್ಕ ಮೊತ್ತಕ್ಕೂ ರಶೀದಿ ಕೊಡುತ್ತೇವೆ. ಪಡೆಯುವವರ ಜಾತಿ, ಧರ್ಮ ನೋಡುವುದಿಲ್ಲ. ಅವರ ಹೆಸರು ಎಲ್ಲೂ ಓದುವುದಿಲ್ಲ, ಫೋಟೋ ತೆಗೆಯುವುದೂ ಇಲ್ಲ.

ಆಗಸ್ಟ್ 1ರಿಂದ 9ರವರೆಗೆ ನೊವೆನಾ. ಆ ಒಂಬತ್ತೂ ದಿನ ಪ್ರಾರ್ಥನೆ ಮುಗಿದ ಮೇಲೆ ಇಗರ್ಜಿಯ ಕಚೇರಿ ತೆರೆದಿರುತ್ತದೆ. ದೂರದ ಊರಿನಲ್ಲಿರುವವರು ಇಲ್ಲಿನ ನೆಂಟರ ಕೈಯಲ್ಲಿ ಕಳುಹಿಸಿದರೂ ಆಯಿತು. ಹಬ್ಬದ ದಿನ ಬಲಿಪೂಜೆಯ (ಮಾಸ್‌ನ) ನಂತರ ಎಲ್ಲರಿಗೂ ಊಟವಿದೆ. ಬಡಿಸಲು ಜನ ಬೇಕು, ದಯವಿಟ್ಟು ಬನ್ನಿ.

ಇಂತಿ,
ಬಡವರ ನಿಧಿ ಸಮಿತಿ