ಮಂಗಳೂರಿನ ಹಳೆಯ ಲೆಕ್ಕ

ಗ್ರೀನಿಚ್‌ನ ನೌಕಾ ಸಂಗ್ರಹದಲ್ಲಿ ಜೋಶುವಾ ರೆನಾಲ್ಡ್ಸ್ ಬರೆದ ಒಂದು ಭಾವಚಿತ್ರವಿದೆ. ತುಂಬಿದ ಮೈಯ ಆ ಅಡ್ಮಿರಲ್‌ನ ಹೆಸರು ಸರ್ ಎಡ್ವರ್ಡ್ ಹ್ಯೂಸ್. ನೆಲ್ಸನ್‌ನ ಜಯಭೇರಿಯ ನಡುವೆ ಇಂಗ್ಲೆಂಡಿನಲ್ಲಿ ಅವನನ್ನು ಕೇಳುವವರಿಲ್ಲ. ನಮಗೆ ಮಾತ್ರ ಅವನ ಜೊತೆ ಹಳೆಯದೊಂದು ಲೆಕ್ಕವಿದೆ. 1780ರ ಡಿಸೆಂಬರಿನಲ್ಲಿ ಮಂಗಳೂರಿನಲ್ಲಿ ಲಂಗರು ಹಾಕಿದ್ದ ಹೈದರಾಲಿಯ ಹಡಗುಗಳನ್ನು ನಾಶ ಮಾಡಿದವನು ಇವನೇ.

1735ರಲ್ಲಿ ನೌಕಾಪಡೆ ಸೇರಿದ ಹ್ಯೂಸ್ ಪೋರ್ಟೊ ಬೆಲ್ಲೊ, ಕ್ವಿಬೆಕ್ ಕಾಳಗಗಳನ್ನೆಲ್ಲ ಕಂಡವನು. ಭಾರತದ ಸಮುದ್ರಕ್ಕೆ ಎರಡನೇ ಸಲ ದಂಡನಾಯಕನಾಗಿ ಬಂದಾಗ ವಯಸ್ಸು ಅರವತ್ತರ ಆಸುಪಾಸು. ಮಂಗಳೂರಿನ ದಾಳಿಗೆ ಮೂರು ತಿಂಗಳ ಹಿಂದಷ್ಟೇ ಪೊಳ್ಳಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಕರ್ನಲ್ ಬೇಲಿ ಎಂಬ ಇಂಗ್ಲಿಷ್ ಸೇನಾಧಿಕಾರಿಯ ಸೈನ್ಯವನ್ನು ಪುಡಿ ಮಾಡಿದ್ದರು. ನೆಲದ ಮೇಲೆ ಮೈಸೂರಿನದೇ ಮೇಲುಗೈ. ನೀರಿನ ಮೇಲೆ ಹಾಗಲ್ಲ. ತಾನು ಸಮುದ್ರವನ್ನು ಒಣಗಿಸಲಾರೆ ಎಂದು ಹೈದರ್ ಹೇಳಿಕೊಂಡದ್ದನ್ನು ಮೈಸೂರಿನ ಚರಿತ್ರೆ ಬರೆದ ವಿಲ್ಕ್ಸ್ ದಾಖಲಿಸಿದ್ದಾನೆ.

ಸ್ವಂತ ಹಡಗು ಹೋದ ಮೇಲೆ ಹೈದರನಿಗೆ ಫ್ರೆಂಚರೇ ಗತಿ. ಅವರ ನೌಕಾಪಡೆಯ ಸಫ್ರೆನ್ ಮಹಾ ಚುರುಕಿನ ಆಳು. 1782ರ ಫೆಬ್ರವರಿಯಿಂದ 1783ರ ಜೂನ್‌ವರೆಗೆ ಸದ್ರಾಸ್, ಪ್ರೊವಿಡಿಯೆನ್, ನಾಗಪಟ್ಟಣ, ತಿರುಕೋಣಮಲೆ, ಕಡಲೂರು ಎಂದು ಹ್ಯೂಸ್ ಮತ್ತು ಸಫ್ರೆನ್ ಐದು ಸಲ ಎದುರಾದರು. ಒಂದರಲ್ಲೂ ಹ್ಯೂಸ್ ಗೆದ್ದನೆನ್ನುವಂತಿಲ್ಲ. ಪರಂಗಿಪೇಟೆಯಲ್ಲಿ ಫ್ರೆಂಚ್ ಸೈನಿಕರು ಇಳಿಯುವುದನ್ನು ತಡೆಯಲಾಗಲಿಲ್ಲ. ಡಚ್ಚರಿಂದ ತಾನೇ ಕಿತ್ತುಕೊಂಡಿದ್ದ ಶ್ರೀಲಂಕಾದ ತಿರುಕೋಣಮಲೆಗೆ ನೆರವು ತಂದಾಗ ಕೋಟೆಯ ಮೇಲೆ ಆಗಲೇ ಫ್ರೆಂಚ್ ಬಾವುಟ ಹಾರುತ್ತಿತ್ತು. ಯುದ್ಧ ಚರಿತ್ರೆ ಬರೆದವರೆಲ್ಲ ಸಫ್ರೆನ್‌ನನ್ನು ಹೊಗಳಿ ಹ್ಯೂಸ್‌ನನ್ನು ಪಾಠ ಒಪ್ಪಿಸುವ ಹುಡುಗನಂತೆ ಕಂಡಿದ್ದಾರೆ. ನನಗೇನೋ ಇದು ಪೂರ್ತಿ ನ್ಯಾಯ ಅನ್ನಿಸುವುದಿಲ್ಲ. ಐದು ಕಾಳಗ ಮುಗಿದರೂ ಅವನ ಯುದ್ಧಸಾಲಿನ ಒಂದು ಹಡಗೂ ಶತ್ರುವಿನ ಕೈಸೇರಲಿಲ್ಲ. ಏಟು ತಿಂದು ಮದರಾಸಿಗೆ ಹೋಗುವುದು, ಪಟ, ಕಂಬ ರಿಪೇರಿ ಮಾಡಿಸಿ ಮತ್ತೆ ಬರುವುದು. ಮೈಸೂರು ಸೈನ್ಯದ ಪಾಲಿಗೆ ಬೇಡವಾಗಿದ್ದದ್ದು ಇಂಥ ಹಟವೇ.

ಕಡಲೂರಿನ ಕೊನೆಯ ಕಾಳಗದಲ್ಲಿ ಅವನ ಕಡೆ ಹದಿನೆಂಟು ಹಡಗು, ಸಫ್ರೆನ್ ಕಡೆ ಹದಿನೈದು. ಆದರೂ ಹಿಂದೆ ಸರಿದವನು ಹ್ಯೂಸ್; ಅವನ ನಾವಿಕರನ್ನು ತಾಜಾ ಹಣ್ಣು ತರಕಾರಿ ಇಲ್ಲದೆ ಬರುವ ಸ್ಕರ್ವಿ ರೋಗ ಹಿಂಡಿಹಾಕಿತ್ತು. ವಿಚಿತ್ರವೆಂದರೆ ಯುರೋಪಿನಲ್ಲಿ ಆ ಜನವರಿಯಲ್ಲೇ ಇಂಗ್ಲಿಷರು ಮತ್ತು ಫ್ರೆಂಚರ ನಡುವಿನ ಪ್ರಾಥಮಿಕ ಸಂಧಿಗೆ ಸಹಿ ಬಿದ್ದಿತ್ತು. ಸುದ್ದಿ ಬರುವಷ್ಟರಲ್ಲಿ ಜೂನ್ ತಿಂಗಳ ಹೆಣಗಳು ಬಿದ್ದಾಗಿತ್ತು.

ಊರಿಗೆ ಮರಳಿದ ಮೇಲೆ ಅವನು ಮತ್ತೆ ಸಮುದ್ರಕ್ಕಿಳಿಯಲಿಲ್ಲ. 1794ರಲ್ಲಿ ಎಸೆಕ್ಸ್‌ನಲ್ಲಿ ತೀರಿಕೊಂಡ. ಭಾರತದಲ್ಲಿ ಕೂಡಿಸಿದ ಹಣ ಮುಂದೆ ಹೆಂಡತಿಯ ಕಡೆಯ ವಾರಸುದಾರ ಬಾಲ್ ಹ್ಯೂಸ್‌ಗೆ ಸೇರಿತು. ಲಂಡನ್ನಿನ ಶೋಕಿಲಾಲರು ‘ಗೋಲ್ಡನ್ ಬಾಲ್’ ಎಂದು ಕರೆಯುತ್ತಿದ್ದ ಆ ಮಹಾಶಯ ಅದರಲ್ಲಿ ದೊಡ್ಡ ಪಾಲನ್ನು ಜೂಜಿನ ಮೇಜಿನ ಮೇಲೆ ಕರಗಿಸಿದ.