ಬೋಲ್ಟ್ ಇನ್ಮುಂದೆ ಸೆಟ್ ಲೆಕ್ಕ, ಸ್ಕ್ರೂ ಬೇರೆ ಕೌಂಟರ್

ಗ್ರಾಹಕ ಬಂಧುಗಳೇ, ನಮಸ್ಕಾರ.

ಮುಂದಿನ ತಿಂಗಳ ಒಂದನೇ ತಾರೀಖಿನಿಂದ ನಮ್ಮ ಚಿಂತಾಮಣಿ ಅಂಗಡಿಯಲ್ಲಿ ಬೋಲ್ಟನ್ನು ಕೆಜಿ ಲೆಕ್ಕದಲ್ಲಿ ತೂಗಿ ಕೊಡುವುದಿಲ್ಲ. ಬೋಲ್ಟ್, ಅದಕ್ಕೆ ಹೊಂದುವ ನಟ್, ಎರಡು ವಾಷರ್ ಸೇರಿಸಿ ಸೆಟ್ ಲೆಕ್ಕದಲ್ಲಿ ಕೊಡುತ್ತೇವೆ. ಸ್ಕ್ರೂ ಬೇರೆ ಕೌಂಟರ್‌ನಲ್ಲಿ, ಬಿಡಿಯಾಗಿಯೂ ಡಬ್ಬಗಟ್ಟಲೆಯೂ ಸಿಗುತ್ತದೆ.

"ಎರಡೂ ತಿರುಗಿಸೋದೇ ಅಲ್ವಾ, ಏನು ವ್ಯತ್ಯಾಸ?" ಎಂದು ಕೇಳುವವರು ಜಾಸ್ತಿ. ಸ್ಕ್ರೂ ತಾನು ಹೊಕ್ಕ ವಸ್ತುವನ್ನೇ ಹಿಡಿದು ನಿಲ್ಲುತ್ತದೆ. ಬೋಲ್ಟ್ ಹಾಗಲ್ಲ. ಅದು ತೂತಿನ ಈ ಕಡೆಯಿಂದ ಆ ಕಡೆಗೆ ಸಲೀಸಾಗಿ ದಾಟುತ್ತದೆ, ಹಿಡಿತವೆಲ್ಲ ತಲೆಗೂ ನಟ್‌ಗೂ ನಡುವೆ. ನಟ್ ಬಿಗಿಸಿದಾಗ ಬೋಲ್ಟ್ ಕಣ್ಣಿಗೆ ಕಾಣದಷ್ಟು ಉದ್ದವಾಗಿ, ಸ್ಪ್ರಿಂಗ್ ಥರ ವಾಪಸ್ ಎಳೆಯುತ್ತದೆ. ಎರಡು ಪಟ್ಟಿಗಳನ್ನು ಒತ್ತಿ ಹಿಡಿಯುವುದು ಆ ಎಳೆತವೇ. ನಟ್ ಸರಿಯಿಲ್ಲದಿದ್ದರೆ ಎಂಥ ಬೋಲ್ಟ್ ತಂದರೂ ದಂಡ.

ರಾಶಿಯಲ್ಲಿ ಕೈಯಾಡಿಸಿ ಆರಿಸುವಾಗ ಎಂ10, ಅಂದರೆ 10 ಮಿಮೀ ಅಳತೆಯ ನಟ್ಟೂ ಮೂರು ಬೈ ಎಂಟು ಇಂಚಿನ ಹಳೇ ಬೋಲ್ಟೂ ಜೊತೆಯಾಗಿಬಿಡುತ್ತವೆ. ಎಂ10ರ ಒಂದು ಥ್ರೆಡ್‌ನಿಂದ ಮುಂದಿನದಕ್ಕೆ 1.5 ಮಿಮೀ, ಇಂಚಿನದಕ್ಕೆ ಸುಮಾರು 1.59. ಬೋಲ್ಟ್ ಅರ್ಧ ಮಿಮೀಯಷ್ಟು ಸಣ್ಣ. ಹಾಗಾಗಿ ನಟ್ ಆರಾಮಾಗಿ ಹತ್ತುತ್ತದೆ, ಕೈಯಲ್ಲಿ ನೋಡಿದರೆ ಸರಿಯಾಗಿಯೇ ಇದೆ ಅನಿಸುತ್ತದೆ. ಹೊಲದಲ್ಲಿ ಕಲ್ಟಿವೇಟರ್‌ಗೆ ಹಾಕಿ ಸ್ಪಾನರ್ ಎಳೆದಾಗ ಥ್ರೆಡ್ ಕಿತ್ತು ಬರುತ್ತದೆ. ಉಳುಮೆ ಅಲ್ಲಿಗೇ ನಿಂತಿತು.

ಬೋಲ್ಟ್ ತಲೆಯ ಮೇಲಿನ ನಂಬರನ್ನೂ ನೋಡಿ. 8.8 ಅಂದರೆ ಚದರ ಮಿಮೀಗೆ 800 ನ್ಯೂಟನ್‌ವರೆಗೆ ತುಂಡಾಗದು, ಆ ಬಲದ ಶೇಕಡಾ 80ರವರೆಗೆ ಎಳೆದಾಗ ಕೊಂಚ ಹಿಗ್ಗಿದರೂ ಬಿಟ್ಟರೆ ಮೊದಲಿನಂತಾಗುತ್ತದೆ. 4.6ರದು ಇದರ ಅರ್ಧ ಬಲ. ಟ್ರೇಲರ್, ಕಲ್ಟಿವೇಟರ್‌ಗೆ 8.8 ಹಾಕಿ, ನಟ್ ಕೂಡ 8ನೇ ದರ್ಜೆಯದೇ ಇರಲಿ. ತೋಟದ ಗೇಟಿಗೆ 4.6 ಸಾಕು, ಸುಮ್ನೆ ದುಡ್ಡು ಹಾಕಬೇಡಿ.

ರೇಷ್ಮೆ ಹುಳು ಮನೆಯ ಶೀಟಿಗೆ ಮಾತ್ರ ಬೋಲ್ಟ್ ಕೇಳಬೇಡಿ. ಒಳಗಿನಿಂದ ನಟ್ ಹಿಡಿಯಲು ಇನ್ನೊಬ್ಬ ಏಣಿ ಹತ್ತಬೇಕು. ತುದಿಯಲ್ಲೇ ಡ್ರಿಲ್ ಇರುವ, ರಬ್ಬರ್ ವಾಷರ್‌ನ ಸ್ಕ್ರೂ ಅದಕ್ಕೇ ಬಂದಿರುವುದು. ರಬ್ಬರ್ ಕೊಂಚ ಒತ್ತಿಕೊಂಡರೆ ಸಾಕು. ಅದು ಅಪ್ಪಚ್ಚಿಯಾಗುವಷ್ಟು ಬಿಗಿಸಿದರೆ ಮಳೆಗೆ ಸೋರುತ್ತದೆ.

ಬಿಲ್‌ನಲ್ಲಿ ಕೆಲವು ಬೋಲ್ಟ್‌ಗಳಿಗೆ "ಹೆಕ್ಸ್ ಸ್ಕ್ರೂ" ಎಂದಿರುತ್ತದೆ. ಗಾಬರಿ ಬೇಡ. ತಲೆಯವರೆಗೂ ಥ್ರೆಡ್ ಇದ್ದರೆ ಅದಕ್ಕೆ ಆ ಹೆಸರು. ಇಂಥ ಬೋಲ್ಟ್‌ಗಳ ಭಾರತೀಯ ಮಾನಕ ಐಎಸ್ 1364ರಲ್ಲೂ ಬೋಲ್ಟ್ ಮೊದಲ ಭಾಗದಲ್ಲಿ, ಸ್ಕ್ರೂ ಎರಡನೇ ಭಾಗದಲ್ಲಿ.

ಹಳೇ ಇಂಚಿನ ಮಾಲು ಹಳೇ ಸಲಕರಣೆಗಳಿಗಾಗಿ ಬೇರೆ ಡಬ್ಬದಲ್ಲಿ ಇಟ್ಟಿದ್ದೇವೆ. ಬರುವಾಗ ಹಳೇ ಬೋಲ್ಟ್ ತನ್ನಿ, ಮುರಿದ ತುಂಡಾದರೂ ಸರಿ. ಎಲ್ಲಿಗೆ ಹಾಕುತ್ತೀರಿ ಎಂದು ನಮ್ಮ ಹುಡುಗರು ಕೇಳುತ್ತಾರೆ, ಬೇಸರ ಮಾಡಿಕೊಳ್ಳಬೇಡಿ. ಕಂಟ್ರಾಕ್ಟ್ ಕೆಲಸಕ್ಕೆ ಜಾಸ್ತಿ ಸೆಟ್ ಬೇಕಾದವರು ಎರಡು ದಿನ ಮೊದಲು ಹೇಳಿ.

ಇಂತಿ,
ನಿಮ್ಮ ಹಾರ್ಡ್‌ವೇರ್ ಅಂಗಡಿಯವರು
ಚಿಂತಾಮಣಿ, ಚಿಕ್ಕಬಳ್ಳಾಪುರ ಜಿಲ್ಲೆ